ನಡಿಗೆ ಮೇಷ್ಟ್ರು ಮಗಳಿಗೆ ಶಾಲೆ ನೋಡಿದ್ದು

ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ವಿಭಾಗಕ್ಕೂ ಜನರೇಟರ್ ಶೆಡ್ಡಿಗೂ ನಡುವೆ ಒಂದು ಉದ್ದನೆಯ ಕೋಣೆ. ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡಿಕೊಡುವ ಜಾಗ ಅದು. ಒಂದು ಗೋಡೆಗೆ ಪ್ಲಾಸ್ಟರಿನ ಅಚ್ಚುಗಳು, ಎದುರು ಗೋಡೆಗೆ ಆಳೆತ್ತರದ ಕನ್ನಡಿ, ನಡುವೆ ಸೊಂಟದ ಮಟ್ಟಕ್ಕೆ ಎರಡು ಉಕ್ಕಿನ ಕಂಬಿಗಳು. ಹೊಸ ಕಾಲು ತೊಟ್ಟವರು ಆ ಕಂಬಿಗಳನ್ನು ಹಿಡಿದು ಕನ್ನಡಿಯ ಕಡೆಗೆ ಮೊದಲ ಹೆಜ್ಜೆ ಇಡುತ್ತಾರೆ. ಇಪ್ಪತ್ತಾರು ವರ್ಷದಿಂದ ಆ ಹೆಜ್ಜೆಗಳನ್ನೇ ನೋಡುತ್ತ ಬಂದ ಮನುಷ್ಯನಿಗೆ ಸಂಬಳದ ಚೀಟಿಯಲ್ಲಿ ‘ತಂತ್ರಜ್ಞ, ಎರಡನೇ ದರ್ಜೆ’ ಎಂದು ಹೆಸರು. ಆಸ್ಪತ್ರೆಯವರ ಬಾಯಲ್ಲಿ ಮಾತ್ರ ನಡಿಗೆ ಮೇಷ್ಟ್ರು.

ಮೇಷ್ಟ್ರ ಕಣ್ಣಿಗೆ ಯಾರ ಮುಖವೂ ಮೊದಲು ಬೀಳುವುದಿಲ್ಲ, ಕಾಲೇ ಬೀಳುವುದು. ಹೊಸ ಕಾಲು ಅರ್ಧ ಬೆರಳು ಉದ್ದವಾದರೆ ಮನುಷ್ಯ ಸೊಂಟ ಎತ್ತಿ ನಡೆಯುತ್ತಾನೆ, ಗಿಡ್ಡವಾದರೆ ಆ ಪಕ್ಕಕ್ಕೆ ಮುಳುಗುತ್ತಾನೆ. ಅಳತೆ ಸರಿಯಿದ್ದೂ ನಂಬಿಕೆ ಬಾರದಿದ್ದರೆ ಅದರ ಮೇಲೆ ಅರೆಗಳಿಗೆ ನಿಂತಂತೆ ಮಾಡಿ ಹಳೆಯ ಕಾಲಿಗೆ ಹಾರಿಬಿಡುತ್ತಾನೆ. ಇದೆಲ್ಲ ಅವರಿಗೆ ಬಾಗಿಲಲ್ಲಿ ನಿಂತೇ ಗೊತ್ತಾಗುತ್ತದೆ. ಕೆಲಸಕ್ಕೆ ಇದು ವರವೇ ಸರಿ, ಆದರೆ ಸಂಜೆ ಕೋಣೆಗೆ ಬೀಗ ಹಾಕುವಾಗ ಈ ಕಣ್ಣನ್ನು ಒಳಗೇ ಬಿಟ್ಟು ಬರುವುದು ಅವರಿಗೆ ತಿಳಿಯದು. ಬಸ್ಸಿನಲ್ಲಿ ಗುರುತು ಪರಿಚಯವಿಲ್ಲದವರಿಗೆ, “ನಿಮ್ಮ ಬಲಗಾಲಿನ ಚಪ್ಪಲಿ ಹೊರಗಡೆ ಸವೆದಿದೆ, ಮಂಡಿ ತೋರಿಸ್ಕೊಳ್ಳಿ” ಎಂದು ಹೇಳಿ ಬೈಸಿಕೊಂಡಿದ್ದಾರೆ. ಮಗಳು ಹನ್ನೊಂದನೇ ತಿಂಗಳಲ್ಲಿ ಗೋಡೆ ಬಿಟ್ಟು ಮೂರು ಹೆಜ್ಜೆ ಇಟ್ಟಾಗ ತಾಯಿ ಚಪ್ಪಾಳೆ ತಟ್ಟಿ ಕುಣಿದರೆ, ಇವರು ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ನೋಡಿ, “ಎಡಗಾಲು ಸ್ವಲ್ಪ ಒಳಕ್ಕೆ ಬರ್ತಿದೆಯಲ್ಲ” ಅಂದರಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಾದೆ ಕಟ್ಟಿದವರು ಈ ಮಹಾನುಭಾವನನ್ನು ಕಂಡಿರಲಿಲ್ಲ.

ಆ ಮಗಳಿಗೆ ಈಗ ಹತ್ತೊಂಬತ್ತು. ಸಿಕ್ಕಿದ ಕಾಗದದ ಮೇಲೆಲ್ಲ ಗೀಚುತ್ತಿದ್ದುದರಿಂದ ಮನೆಯಲ್ಲಿ ಅವಳ ಹೆಸರು ಗೀಚಿ. ತಾಯಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವವರು. ಅವರು ತಂದುಕೊಟ್ಟ ರದ್ದಾದ ಫಾರಂಗಳ ಕಟ್ಟಿನ ಮೂಲೆಯಲ್ಲಿ ಹಾಳೆಗೊಂದರಂತೆ ಅವಳು ಚಿತ್ರ ಬರೆದು, ಹಾಳೆಗಳನ್ನು ಬೆರಳಿನಿಂದ ಸರ್ರನೆ ಬಿಟ್ಟರೆ ಚಿತ್ರದ ಬೆಕ್ಕು ಕುರ್ಚಿ ಹತ್ತಿ ಮಲಗುತ್ತಿತ್ತು. ಅನಿಮೇಷನ್ ಕಲಿಯುತ್ತೇನೆ ಎಂದು ಹುಡುಗಿ ಹಟ ಹಿಡಿದಾಗ ಮೇಷ್ಟ್ರು ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ಅವಳು ಜಗಳವಾಡಿ ಗೆಲ್ಲಬಹುದಿತ್ತು. “ಕಲಿ. ಆದ್ರೆ ಕಂಡಕಂಡಲ್ಲಿ ಬೇಡ. ಶಾಲೆ ನಾನು ನೋಡ್ತೀನಿ” ಅಂದರು. ಅಲ್ಲಿಗೆ ಅವಳ ಒಂದು ವರ್ಷ ಮಣ್ಣುಪಾಲಾಯಿತು.

ಹೋದ ವರ್ಷ ಅವರು ನೋಡಿದ್ದು ನಾಲ್ಕು ಶಾಲೆ. ಎಲ್ಲ ಕಡೆಯೂ ಒಂದೇ ಬೇಡಿಕೆ: “ಒಬ್ಬ ಮನುಷ್ಯ ಸುಮ್ಮನೆ ನಡ್ಕೊಂಡು ಹೋಗೋದನ್ನ ತೋರಿಸಿ.” ಶಾಲೆಯವರು ಬೆಂಕಿ ಉಗುಳುವ ಪ್ರಾಣಿ ತೋರಿಸಿದರು, ಆಕಾಶದಲ್ಲಿ ಹಾರುವ ಕಾರು ತೋರಿಸಿದರು, ಕುಸಿದು ಬೀಳುವ ಊರನ್ನೇ ತೋರಿಸಿದರು. ನಡೆಯುವ ಮನುಷ್ಯನನ್ನು ತೋರಿಸಿದ ಕಡೆ ಮೇಷ್ಟ್ರು ಮೂಗು ಮುರಿದರು. ಮೊಸರಲ್ಲಿ ಕಲ್ಲು ಹುಡುಕುತ್ತ, ಅಳೆದೂ ಸುರಿದೂ ಕೂತಿರುವಾಗ ನಾಲ್ಕೂ ಶಾಲೆಗಳ ಕೊನೆಯ ದಿನಾಂಕ ಕಳೆದುಹೋಯಿತು. ಗೀಚಿ ಆ ವರ್ಷವೆಲ್ಲ ಝೆರಾಕ್ಸ್ ಅಂಗಡಿಯಲ್ಲಿ ಕಂಡವರ ಪ್ರಾಜೆಕ್ಟುಗಳಿಗೆ ಸ್ಪೈರಲ್ ಹಾಕಿದಳು. ಅವಳ ಜೊತೆ ಓದಿದವರೇ ಬಂದು, “ಬೇಗ ಹಾಕಿಕೊಡೇ, ನಾಳೆ ಸಬ್ಮಿಟ್ ಮಾಡ್ಬೇಕು” ಎಂದು ಅವಸರ ಮಾಡುತ್ತಿದ್ದರು. ಆ ಮಾತನ್ನು ಅವಳು ಮನೆಯಲ್ಲಿ ಹೇಳಲಿಲ್ಲ. ತಾಯಿಗೆ ಅಂಗಡಿಯವನಿಂದ ಗೊತ್ತಾಯಿತು.

ಈ ವರ್ಷ ತಾಯಿ ಗಡುವು ಹಾಕಿದರು. “ರೀ, ಶುಕ್ರವಾರ ಕೊನೇ ದಿನ. ಅಷ್ಟರೊಳಗೆ ಒಂದು ಕಡೆ ಸೇರಿಸಿ. ಇಲ್ದಿದ್ರೆ ನಾನೇ ಕಣ್ಮುಚ್ಚಿ ಒಂದು ಹೆಸರಿನ ಮೇಲೆ ಬೆರಳಿಡ್ತೀನಿ. ಆಮೇಲೆ ಕಾಲು, ಕೈ ಅಂತ ನನ್ ಹತ್ರ ಬರ್ಬೇಡಿ.”

ಸೋಮವಾರ ಅಪ್ಪ, ಮಗಳು ಹೊರಟದ್ದು ಐದನೇ ಮಹಡಿಯ ಗಾಜಿನ ಶಾಲೆಗೆ. ತಣ್ಣಗಿನ ಗಾಳಿ, ಮೆತ್ತನೆಯ ಸೋಫಾ, ಗೋಡೆಯಗಲದ ಪರದೆ. ಟೈ ಕಟ್ಟಿದ ಯುವಕನೊಬ್ಬ ಬಂದು ಮೂರು ವರ್ಷದ ಕೋರ್ಸು, ಮುಗಿದ ದಿನವೇ ಕೆಲಸ, ಎಂದು ಕಂಠಪಾಠ ಒಪ್ಪಿಸಿದ. ಗೀಚಿ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದಳು. ಮೇಷ್ಟ್ರು ತಮ್ಮ ಬೇಡಿಕೆ ಇಟ್ಟರು. ಪಾಪ, ಟೈ ಹುಡುಗನಿಗೆ ಮುಂದೆ ಬರುವುದು ಏನು ಗೊತ್ತು? ಉತ್ಸಾಹದಿಂದ ಪರದೆಯ ಮೇಲೆ ಒಬ್ಬ ಯೋಧನನ್ನು ನಡೆಸಿದ. ಕವಚದ ಮೇಲೆ ಬೆಳಕು ಫಳಫಳ ಹೊಳೆಯುತ್ತಿತ್ತು.

“ಈ ಕವಚ ಎಷ್ಟು ತೂಕ ಇರ್ಬಹುದು?” ಮೇಷ್ಟ್ರು ಕೇಳಿದರು.

“ಸರ್, ಅದು... ಗ್ರಾಫಿಕ್ಸ್ ಸರ್.”

“ಅದು ಗೊತ್ತಪ್ಪ. ಇವನ ಮೈಮೇಲೆ ಇರೋದು ಕಬ್ಬಿಣ ತಾನೆ? ಕಬ್ಬಿಣ ಹೊತ್ತವನ ಮಂಡಿ ಒಂಚೂರೂ ಮಡಚ್ತಿಲ್ಲ. ಸೊಂಟ ಎರಡೂ ಕಡೆ ಒಂದೇ ಮಟ್ಟ. ಪಾದ ನೋಡು, ನೆಲದ ಮೇಲೆ ಜಾರ್ತಿದೆ. ಇವನು ನಡೀತಿಲ್ಲ, ಯಾರೋ ಹಿಂದಿನಿಂದ ತಳ್ತಿದಾರೆ.”

“ಸರ್, ಇದಕ್ಕೆ ಬಹುಮಾನ ಬಂದಿದೆ ಸರ್.”

“ಕೊಟ್ಟವರು ಕೂತ್ಕೊಂಡೇ ನೋಡಿರ್ಬೇಕು.”

ಗೀಚಿ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು. ಅಪ್ಪ ಹೇಳಿದ್ದು ಸರಿ ಎಂದು ಅವಳಿಗೆ ಕಾಣುತ್ತಿತ್ತು. ಉರಿ ಹತ್ತಿದ್ದು ಅದಕ್ಕೇ. ತಪ್ಪು ಹೇಳುವ ಅಪ್ಪನಾದರೆ ಎದುರು ಮಾತಾಡಬಹುದು, ಸರಿಯಾದುದನ್ನೇ ಹೇಳಿ ಮಾನ ಕಳೆಯುವ ಅಪ್ಪನನ್ನು ಏನು ಮಾಡುವುದು? ಲಿಫ್ಟಿನಲ್ಲಿ ಇಳಿಯುವಾಗ ಅವಳು, “ಫಾರಂ ತಗೊಂಡಿದೀನಿ” ಎಂದಷ್ಟೇ ಹೇಳಿದಳು. “ಅದರ ಹಿಂದೆ ಚಿತ್ರ ಬರಿ, ಕಾಗದ ಚೆನ್ನಾಗಿದೆ” ಅಂದರು ಮೇಷ್ಟ್ರು.

ಬುಧವಾರದ ಶಾಲೆಗೆ ಬೋರ್ಡೇ ಇರಲಿಲ್ಲ. ಟೈರು ಅಂಗಡಿಯ ಪಕ್ಕದಲ್ಲಿ ಕಬ್ಬಿಣದ ಮೆಟ್ಟಿಲು, ಮೆಟ್ಟಿಲ ಮೇಲೊಂದು ಹಳೆಯ ಗೋದಾಮು. ಹತ್ತು ಮೇಜು, ಪ್ರತಿ ಮೇಜಿನ ನಡುವೆ ಗಾಜು ಕೂರಿಸಿ ಕೆಳಗಿನಿಂದ ದೀಪ. ಮೊದಲ ವರ್ಷ ಕಂಪ್ಯೂಟರು ಮುಟ್ಟಿಸುವುದಿಲ್ಲವಂತೆ. ವಿದ್ಯಾರ್ಥಿಗಳು ಒಂದು ಹಾಳೆಯ ಮೇಲೆ ಇನ್ನೊಂದನ್ನಿಟ್ಟು ಪೆನ್ಸಿಲಿನಲ್ಲಿ ಬಿಡಿಸುತ್ತಿದ್ದರು. ನಡೆಸುವವರು ಐವತ್ತು ದಾಟಿದ ಹೆಂಗಸು. ಒಳ್ಳೆಯದನ್ನೂ ಅಳಿಸಿ ಇನ್ನೊಮ್ಮೆ ಬರೆಸುತ್ತಾರೆಂದು ಮಕ್ಕಳು ಇಟ್ಟ ಹೆಸರು ರಬ್ಬರ್ ಮೇಡಂ. ಅವರು ಬಂದವರನ್ನು ಕೂರಿಸಲೂ ಇಲ್ಲ, ಕೋರ್ಸಿನ ಗುಣಗಾನ ಮಾಡಲೂ ಇಲ್ಲ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಅದೇ ಪ್ರಶ್ನೆ ಕೇಳಿದರು. ಮೇಡಂ ಒಂದು ಕಟ್ಟು ಹಾಳೆ ಎತ್ತಿ ಅವರ ಮುಖದ ಮುಂದೆ ಸರ್ರನೆ ಬಿಟ್ಟರು. ತುಂಬಿದ ಬಕೆಟ್ ಹಿಡಿದ ಹೆಂಗಸೊಬ್ಬಳು ಆರು ಹೆಜ್ಜೆ ನಡೆದಳು.

“ಇದರಲ್ಲಿ ಏನೋ ಸರಿ ಇಲ್ಲ. ಮೂರು ದಿನದಿಂದ ನೋಡ್ತಿದೀವಿ, ಸಿಗ್ತಿಲ್ಲ” ಅಂದರು ಮೇಡಂ.

ಮೇಷ್ಟ್ರು ಹಾಳೆಗಳನ್ನು ಮತ್ತೊಮ್ಮೆ ಸರ್ರನೆ ಬಿಟ್ಟು ನೋಡಿದರು. “ಬಕೆಟ್ ಇರೋದು ಬಲಗೈಲಿ. ಮೈ ಎಡಕ್ಕೆ ವಾಲಿದೆ, ಅದು ಸರಿ. ಆದ್ರೆ ಎರಡೂ ಕಾಲಲ್ಲಿ ಒಂದೇ ಅಳತೆ ಹೆಜ್ಜೆ ಇಡ್ತಿದಾಳೆ. ಭಾರ ಇರೋ ಕಡೆ ಕಾಲಿನ ಮೇಲೆ ಯಾರೂ ಜಾಸ್ತಿ ಹೊತ್ತು ನಿಲ್ಲಲ್ಲ ಮೇಡಂ. ಅಲ್ಲಿ ಗಿಡ್ಡ ಹೆಜ್ಜೆ, ಆಮೇಲೆ ಉದ್ದ. ಹೀಗೆ ನೋಡಿ.” ಎಂದವರೇ ಮೂಲೆಯಲ್ಲಿದ್ದ ನೀರಿನ ಕ್ಯಾನು ಎತ್ತಿಕೊಂಡು ನಡೆದು ತೋರಿಸಿದರು.

ಕೋಣೆಯಲ್ಲಿ ಪೆನ್ಸಿಲಿನ ಸದ್ದು ನಿಂತಿತು. “ಇನ್ನೊಂದ್ ಸಲ ಸರ್” ಎಂದಿತು ಒಂದು ದನಿ. ಇನ್ನೊಂದು ಸಲ ನಡೆದರು. ಕುಂಟುವವರು ಹೇಗೆ ನಡೆಯುತ್ತಾರೆ ಎಂದು ಮಕ್ಕಳು ಕೇಳಿದರು, ಮೇಷ್ಟ್ರು ನಡೆದು ತೋರಿಸಿದರು. ಕುಂಟುವುದನ್ನು ಮುಚ್ಚಿಡುವವರು ಹೇಗೆ ನಡೆಯುತ್ತಾರೆ ಎಂದು ಮೇಡಂ ಕೇಳಿದರು. ಅದನ್ನೂ ನಡೆದರು, ಕೋಣೆಯೆಲ್ಲ ಎದ್ದು ನಿಂತು ನೋಡಿತು. ಇಪ್ಪತ್ತಾರು ವರ್ಷದಲ್ಲಿ ಆಸ್ಪತ್ರೆಯ ದೊಡ್ಡವರು ಅವರನ್ನು ಕೇಳಿದ್ದು ಒಂದೇ, ರಿಜಿಸ್ಟರ್ ಎಲ್ಲಿ ಎಂದು. ಇಲ್ಲಿ ಹತ್ತು ಜನ ಅವರ ಬಾಯಿಂದ ಬಿದ್ದದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಮೇಷ್ಟ್ರಿಗೆ ಸ್ವರ್ಗ ಮೂರೇ ಗೇಣು ಉಳಿದಿತ್ತು. ಒಂದೂವರೆ ಗಂಟೆ ಹೋದದ್ದು ತಿಳಿಯಲಿಲ್ಲ.

ಹೊರಡುವಾಗ ಮೇಡಂ ಮೆಟ್ಟಿಲವರೆಗೂ ಬಂದರು. “ಪ್ರತಿ ಶನಿವಾರ ಬಂದು ಎರಡು ಗಂಟೆ ಪಾಠ ಮಾಡಿ ಸರ್. ಇದನ್ನ ಹೇಳಿಕೊಡೋರು ನಂಗೆ ಸಿಕ್ಕಿರ್ಲಿಲ್ಲ. ಮಗಳನ್ನೂ ಕರ್ಕೊಂಡು ಬನ್ನಿ, ಒಂದು ಸೀಟು ಇದೆ.”

ಬಸ್ಸಿನಲ್ಲಿ ಮೇಷ್ಟ್ರು ಮಾತು ನಿಲ್ಲಿಸಲೇ ಇಲ್ಲ. ಮೊದಲ ಶನಿವಾರ ಏನು ಹೇಳಬೇಕು, ಎರಡನೆಯದಕ್ಕೆ ಯಾವ ಅಚ್ಚು ತರಬೇಕು. “ಶಾಲೆ ಅಂದ್ರೆ ಇದು ನೋಡು ಗೀಚಿ! ನಾನು ಹೋದ ವರ್ಷ ತಡೆದಿದ್ದು ಸುಮ್ನೆ ಅಲ್ಲ” ಅಂದರು. ಗೀಚಿ ಕಿಟಕಿಯಾಚೆ ನೋಡುತ್ತಿದ್ದಳು. ಸುಸ್ತಾಗಿರಬೇಕು ಎಂದುಕೊಂಡರು.

ಮನೆಗೆ ಬಂದು ನೋಡಿದರೆ ಅವಳು ಊಟದ ಮೇಜಿನ ಮೇಲೆ ಗಾಜಿನ ಶಾಲೆಯ ಫಾರಂ ಇಟ್ಟುಕೊಂಡು ತುಂಬುತ್ತಿದ್ದಾಳೆ.

“ಏನಿದು?” ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು. “ಆ ತಳ್ಳುಗಾಡಿ ಯೋಧನ ಶಾಲೆನಾ?”

“ಹೌದು.”

“ತಲೆ ಕೆಟ್ಟಿದೆಯಾ? ಇವತ್ತು ನೋಡಿದ್ದು ಚೆನ್ನಾಗಿಲ್ವಾ?”

“ಚೆನ್ನಾಗಿದೆ. ನೀನು ನೋಡಿದ ಆರರಲ್ಲಿ ಅದೇ ಚೆನ್ನಾಗಿದೆ.”

“ಮತ್ತೆ?”

“ಅಲ್ಲಿ ಸೇರಿಕೊಂಡಿದ್ದು ನೀನು, ನಾನಲ್ಲ.” ಗೀಚಿ ಪೆನ್ನು ಕೆಳಗಿಟ್ಟಳು. “ಒಂದೂವರೆ ಗಂಟೆ ಅಪ್ಪ. ನನ್ ಚಿತ್ರದ ಪುಸ್ತಕ ಬ್ಯಾಗಿಂದ ಹೊರಗೇ ಬರ್ಲಿಲ್ಲ. ನಾನು ಏನ್ ಬಿಡಿಸ್ತೀನಿ ಅಂತ ಆ ಮೇಡಂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಮಗಳನ್ನೂ ಕರ್ಕೊಂಡು ಬನ್ನಿ ಅಂದ್ರಲ್ಲ, ಊಟದ ಡಬ್ಬಿ ಥರ.”

ನಿಜಕ್ಕೂ ಪುಸ್ತಕ ಹೊರಗೆ ಬಂದಿರಲಿಲ್ಲ. ಅದನ್ನು ತೋರಿಸಲಿಕ್ಕೆಂದೇ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಹೋದವರು ಮೇಷ್ಟ್ರು. ಆದರೂ ಸೋಲೊಪ್ಪುವ ಜೀವವಲ್ಲ. “ಆಯ್ತು, ತಪ್ಪಾಯ್ತು. ಶನಿವಾರ ಹೋದಾಗ ತೋರಿಸೋಣ. ಅಷ್ಟಕ್ಕೆ ಜೀವನ ಹಾಳು ಮಾಡ್ಕೋತೀಯಾ? ಆ ಗಾಜಿನ ಅಂಗಡಿಲಿ ಒಂದು ನಡಿಗೆ ಸರಿಯಾಗಿ ಕಲ್ಸಲ್ಲ.”

“ಕಲ್ಸದೇ ಇರ್ಲಿ. ತಪ್ಪು ನಡಿಗೆನೇ ಬಿಡಿಸ್ತೀನಿ. ನನ್ ತಪ್ಪು ನೋಡೋಕೆ ಅಲ್ಲಿ ನೀನು ಇರಲ್ಲ.” ಅವಳ ದನಿ ಏರಿತು. “ನಿನ್ನ ಮುಂದೆ ನಂಗೆ ನಡೆಯೋಕೇ ಬರಲ್ಲ ಅಪ್ಪ. ರೂಮಿಂದ ಅಡುಗೆಮನೆಗೆ ಹೋದ್ರೂ ನೀನು ನನ್ ಎಡಗಾಲು ನೋಡ್ತೀಯ. ನೀನು ಕೂತಿದ್ರೆ ನಾನು ಬಾಯಾರಿಕೆ ಆದ್ರೂ ಎದ್ದು ನೀರು ಕುಡಿಯಲ್ಲ, ಗೊತ್ತಾ? ಕ್ಲಾಸಿಗೂ ಬಂದು ಕೂತ್ರೆ ನಾನು ಎಲ್ಲಿಗೆ ಹೋಗ್ಲಿ?”

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಅವರು ಬಟ್ಟೆ ಮಡಚುತ್ತಿದ್ದವರು ತಲೆಯೆತ್ತಲಿಲ್ಲ. ಆ ಮಾತು ಅವರಿಗೆ ಹೊಸದಲ್ಲ ಎಂದು ಆಗ ಗೊತ್ತಾಯಿತು.

“ನಿಂಗೂ ಗೊತ್ತಿತ್ತಾ?”

“ಮನೇಲಿ ಯಾರ್ಗೆ ಗೊತ್ತಿಲ್ಲ ರೀ? ಅವಳು ನೆಂಟರು ಬಂದಾಗ ಕುಣಿದಾಡ್ಕೊಂಡು ಇರ್ತಾಳೆ, ನೀವು ಚಪ್ಪಲಿ ಬಿಡೋ ಸದ್ದು ಕೇಳಿದ್ರೆ ಕೂತ್ಬಿಡ್ತಾಳೆ. ನಾನು ಎಷ್ಟು ಸಲ ಹೇಳಿದೀನಿ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.” ಅವರು ಮಡಚಿದ ಅಂಗಿಯನ್ನು ಮೇಜಿನ ಮೇಲಿಟ್ಟರು. “ಅವಳಿಗೆ ಇವತ್ತು ನೋಡಿದ ಶಾಲೆನೇ ಬೇಕು. ನೀವು ಬೇಡ. ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ?”

ಗುರುವಾರ ಕೆಲಸದಲ್ಲಿ ಮೇಷ್ಟ್ರ ಕೈ ಓಡಲಿಲ್ಲ. ಹೊಸ ಕಾಲು ಹಾಕಿಕೊಂಡ ಬಡಗಿಯೊಬ್ಬ ಕಂಬಿಗಳ ನಡುವೆ ನಾಲ್ಕು ಹೆಜ್ಜೆ ನಡೆದು, “ಹೇಗಿದೆ ಮೇಷ್ಟ್ರೇ?” ಎಂದು ಕೇಳಿದ. ಸೊಂಟ ಎತ್ತುತ್ತಿದ್ದ. ಅದನ್ನು ಹೇಳಿದರು. ಹೇಳಿದ ತಕ್ಷಣ ಬಡಗಿಯ ಮೈ ಬಿಗಿಯಿತು, ಮುಂದಿನ ನಾಲ್ಕು ಹೆಜ್ಜೆ ಇನ್ನೂ ಕೆಟ್ಟದಾಗಿ ಬಿದ್ದವು. ಇದನ್ನು ಅವರು ಸಾವಿರ ಸಲ ನೋಡಿದ್ದರು. ರೋಗಿಗಳು ಹೆದರುತ್ತಾರೆ, ಅಷ್ಟೇ ಎಂದುಕೊಂಡಿದ್ದರು. ತಮಗೇ ಹೆದರುತ್ತಾರೆ ಎಂದು ಹೊಳೆದಿರಲಿಲ್ಲ.

ಹಾಗೆಂದು ಅವರ ಮನಸ್ಸು ಹಸಿ ಮಣ್ಣಿನಂತೆ ಕರಗಿಹೋಯಿತು ಎಂದು ತಿಳಿಯಬೇಡಿ. ದಿನವಿಡೀ ಕುದಿಯುತ್ತಲೇ ಇದ್ದರು. ಜೀವಮಾನದಲ್ಲಿ ಒಂದು ಸಲ, ಒಂದೇ ಸಲ, ಯಾರೋ ಕರೆದು ಕುರ್ಚಿ ಕೊಟ್ಟಿದ್ದಾರೆ. ಅದಕ್ಕೂ ಕಲ್ಲು ಹಾಕುವವಳು ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ಆಗಬೇಕೇ? ತಾವು ಶನಿವಾರದ ಪಾಠಕ್ಕೆ ಹೋಗೋಣ, ಅವಳು ಗಾಜಿನ ಶಾಲೆಗೆ ಸೇರಿಕೊಳ್ಳಲಿ ಎಂದು ಒಂದು ಗಳಿಗೆ ಅನ್ನಿಸಿತು. ಕಂಡವರ ಮಕ್ಕಳಿಗೆಲ್ಲ ನಡಿಗೆ ಕಲಿಸುವುದು, ತಮ್ಮ ಮಗಳು ಜಾರುವ ಪಾದ ಬಿಡಿಸಿಕೊಂಡು ಕೂರುವುದು. ಆ ಯೋಚನೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಗೀಚಿ ಫಾರಂ ಹಿಡಿದು ಹೊರಟಾಗ ಮೇಷ್ಟ್ರು ಅಂಗಿ ಹಾಕಿಕೊಂಡು ಬಾಗಿಲಲ್ಲಿದ್ದರು. “ಮೊದಲು ಟೈರು ಅಂಗಡಿ ಹತ್ರ ಹೋಗೋಣ. ಅಲ್ಲಿಂದ ನಿಂಗೆ ಎಲ್ಲಿ ಬೇಕೋ ಅಲ್ಲಿಗೆ. ಚಿತ್ರದ ಪುಸ್ತಕ ತಗೋ.” ಅವಳು ತಾಯಿಯ ಕಡೆ ನೋಡಿದಳು. ತಾಯಿ ಹೋಗು ಎಂದು ಕಣ್ಣಲ್ಲೇ ಹೇಳಿದರು.

ಮಗಳನ್ನು ಕೆಳಗೇ ನಿಲ್ಲಿಸಿ ಮೇಷ್ಟ್ರು ಕಬ್ಬಿಣದ ಮೆಟ್ಟಿಲು ಹತ್ತಿದರು. ರಬ್ಬರ್ ಮೇಡಂ ಅವರನ್ನು ಕಂಡದ್ದೇ ತಡ, “ನಾಳೆ ಅಂತ ಎಲ್ಲರಿಗೂ ಹೇಳಿಬಿಟ್ಟಿದೀನಿ ಸರ್, ಹಳೇ ವಿದ್ಯಾರ್ಥಿಗಳೂ ಬರ್ತಿದಾರೆ” ಅಂದರು.

“ಬರೋಕಾಗಲ್ಲ ಮೇಡಂ.”

“ಈ ಶನಿವಾರನಾ?”

“ಯಾವ ಶನಿವಾರವೂ. ನನ್ ಮಗಳು ಇಲ್ಲಿ ಓದೋದಾದ್ರೆ ನಾನು ಬರಲ್ಲ.”

ಮೇಡಂ ಬೇಸರ ಮುಚ್ಚಿಡಲಿಲ್ಲ. “ನಷ್ಟ ನಮಗೇ” ಅಂದು, ಆಮೇಲೆ, “ನಿಮ್ ಮಗಳು ಏನ್ ಬಿಡಿಸ್ತಾಳೆ? ಮೊನ್ನೆ ಕೇಳಲೇ ಇಲ್ಲ ನಾನು” ಎಂದರು.

ಮೇಷ್ಟ್ರ ನಾಲಗೆಯ ತುದಿಗೆ ಎಲ್ಲ ಬಂದಿತ್ತು. ಬೆಕ್ಕು, ಕುರ್ಚಿ, ಅಂಚೆ ಕಚೇರಿಯ ಫಾರಂಗಳು, ಗೆರೆ ಚೆನ್ನಾಗಿದೆ ಆದರೆ ಬೆಕ್ಕಿನ ಹಿಂಗಾಲು ಮಾತ್ರ... “ಕೆಳಗಿದಾಳೆ. ಅವಳೇ ತೋರಿಸ್ತಾಳೆ” ಎಂದು ಹೇಳಿ ಇಳಿದು ಬಂದರು.

“ನಾನು ಬರಲ್ಲ ಅಂತ ಹೇಳಿದೆ. ನೀನು ಹೋಗು” ಎಂದರು ಮಗಳಿಗೆ.

ಗೀಚಿಯ ಮುಖ ಅರಳಲಿಲ್ಲ, ಇನ್ನಷ್ಟು ಗಂಟಿಕ್ಕಿತು. “ಬಿಡು ಅಂತ ನಾನು ಕೇಳಿದ್ನಾ? ಈಗ ಮೂರು ವರ್ಷ ಇದನ್ನ ನಾನು ತಲೆ ಮೇಲೆ ಹೊತ್ಕೊಂಡು ಓಡಾಡ್ಬೇಕು. ನಿನಗೋಸ್ಕರ ಬಿಟ್ಟೆ, ನಿನಗೋಸ್ಕರ ಬಿಟ್ಟೆ ಅಂತ ಹೇಳ್ತಾನೇ ಇರ್ತೀಯ.”

“ಹೇಳಲ್ಲ.”

“ಹೇಳ್ತೀಯ.”

“ಹೇಳ್ಬಹುದು,” ಮೇಷ್ಟ್ರು ಸಿಡುಕಿದರು, “ಆವಾಗ ಬೈ. ಈಗ ಮೇಲೆ ಹೋಗು ಮೊದ್ಲು. ಮಧ್ಯಾಹ್ನದೊಳಗೆ ಬೇಡ ಅನ್ಸಿದ್ರೆ ಆ ಗಾಜಿನ ಅಂಗಡಿಗೇ ಹೋಗು, ಫಾರಂ ನಿನ್ ಕೈಲೇ ಇದೆ. ನಾನು ಬಾಯಿ ಬಿಡಲ್ಲ.”

ಅವಳು ಬ್ಯಾಗಿನಿಂದ ಚಿತ್ರದ ಪುಸ್ತಕ ತೆಗೆದಳು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತು, ಹಿಂದಿರುಗಿ ಅಪ್ಪನನ್ನು ನೋಡಿದಳು.

ನಡಿಗೆ ಮೇಷ್ಟ್ರು ಬೆನ್ನು ತಿರುಗಿಸಿ ಬೀದಿಯ ಕಡೆಗೆ ನಿಂತರು. ಎದುರಿಗೆ ಬಸ್ಸುಗಳು ಹೋಗುತ್ತಿದ್ದವು, ಟೈರು ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದ. ಅವರು ಅದನ್ನೇ ನೋಡಿದರು. ಕಬ್ಬಿಣದ ಮೆಟ್ಟಿಲು ಒಂದೊಂದಾಗಿ ಸದ್ದು ಮಾಡತೊಡಗಿತು. ಮೊದಮೊದಲು ತಡೆದು ತಡೆದು, ಆಮೇಲೆ ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರಿದ ಹಾಗೆ. ಮಗಳು ಮೆಟ್ಟಿಲು ಹಾರಿ ಹತ್ತುತ್ತಾಳೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ತಿರುಗಿ ನೋಡಬೇಕು ಎಂದು ಕುತ್ತಿಗೆ ಎಳೆಯಿತು. ಅವರು ಅಂಗಡಿಯ ಕಂಬ ಹಿಡಿದುಕೊಂಡು, ಮೇಲೆ ಬಾಗಿಲು ಮುಚ್ಚಿದ ಸದ್ದು ಬರುವವರೆಗೂ ಬೀದಿಯನ್ನೇ ನೋಡುತ್ತ ನಿಂತರು.